ಇಳಿಯುವ ದಾರಿ

ಬೆಟ್ಟ ಹತ್ತಿ ಬಂದವರ ಮಾತಿನಲ್ಲಿ ಶಿಖರಕ್ಕೆ ಇರುವ ಸ್ಥಾನ ಇಳಿತಕ್ಕೆ ಇಲ್ಲ. ಏರಿದ್ದೇ ಸಾಹಸ, ಇಳಿದದ್ದು ಅದರ ಬಾಲ ಎಂಬುದು ಸಾಮಾನ್ಯ ಭಾವನೆ. ಪರ್ವತಾರೋಹಣದ ಚರಿತ್ರೆಯನ್ನು ಬಲ್ಲವರು ಇದನ್ನು ಒಪ್ಪಲಾರರು. 1865ರ ಜುಲೈ 14ರಂದು ಎಡ್ವರ್ಡ್ ವಿಂಪರನ ತಂಡದ ಏಳು ಜನ ಆಲ್ಪ್ಸ್ ಶ್ರೇಣಿಯ ಮ್ಯಾಟರ್‌ಹಾರ್ನ್ ಶಿಖರವನ್ನು ಮೊತ್ತಮೊದಲು ಮುಟ್ಟಿದರು. ಅವರಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು. ಸಂಗೀತಗಾರರಿಗೆ ಈ ವಿವೇಕ ಹೊಸದಲ್ಲ. ಬಿಲಹರಿಯ ಆರೋಹಣಕ್ಕೆ ಐದು ಸ್ವರ, ಅವರೋಹಣಕ್ಕೆ ಏಳು. ಇಳಿಯುವ ದಾರಿ ಏರಿದ ದಾರಿಯ ತಿರುವುಮುರುವಾಗಬೇಕಿಲ್ಲ. ಅದಕ್ಕೆ ಅದರದೇ ಲಕ್ಷಣವುಂಟು.

ಈ ವಿಚಾರ ಬರಲು ಕಾರಣ ನನ್ನ ವಿದ್ಯಾರ್ಥಿಗಳು. ನಮ್ಮ ಜಿಗಣಿಯಲ್ಲಿ ಕಲ್ಲೆಂದರೆ ಕೊಯ್ದು, ಹೊಳಪು ಕೊಟ್ಟು, ಲಾರಿಗೇರಿಸುವ ಸರಕು. ಆ ಗರಗಸಗಳ ಸದ್ದಿನಲ್ಲಿ ಬೆಳೆದ ಹುಡುಗರಿಗೆ ಕಲ್ಲನ್ನು ಅದು ಹುಟ್ಟಿದ ಎತ್ತರದಲ್ಲಿಯೇ ನೋಡುವ ಆಸೆ ಹುಟ್ಟಿದೆ. ಅವರು ಆರಿಸಿದ್ದು ಕುಮಾರಪರ್ವತವನ್ನು. ಸೋಮವಾರಪೇಟೆಯ ಕಡೆಯ ಬೀದಳ್ಳಿಯಿಂದ ಹತ್ತುವುದು, ಏಣುಗುಂಟ ನಡೆದು ಶೇಷಪರ್ವತವನ್ನು ದಾಟುವುದು, ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯುವುದು. ಅಂದರೆ ಕೊಡಗಿನಲ್ಲಿ ಏರಿ ದಕ್ಷಿಣ ಕನ್ನಡದಲ್ಲಿ ಇಳಿಯುವುದು. ಕೇಳುವುದಕ್ಕೆ ಸೊಗಸಾದ ಯೋಜನೆ.

ಪರ್ವತದ ಎತ್ತರ 1,712 ಮೀಟರ್. ಪೂರ್ವದ ದಾರಿ ಆರೇಳು ಕಿಲೋಮೀಟರ್, ಪಶ್ಚಿಮದ್ದು ಹದಿಮೂರರಷ್ಟು. ಬೀದಳ್ಳಿ ಘಟ್ಟದ ಮೇಲಿನ ಊರು. ಕುಕ್ಕೆ ಘಟ್ಟದ ಬುಡದ ಕ್ಷೇತ್ರ. ಹಾಗಾಗಿ ಪೂರ್ವದಿಂದ ಏರುವವನು ಹತ್ತಿದ್ದಕ್ಕೆ ಹೆಚ್ಚುಕಡಿಮೆ ಎರಡರಷ್ಟು ಇಳಿಯಬೇಕು. ಹುಡುಗರು ಇದನ್ನು ಲಾಭವೆಂದು ಎಣಿಸಿದರು. ಏರು ಕಡಿಮೆ, ಇಳಿತ ಹೆಚ್ಚು, ಇನ್ನೇನು ಬೇಕು?

ಸ್ಕಾಟ್ಲೆಂಡಿನ ನೇಸ್ಮಿತ್ ಎಂಬಾತ 1892ರಲ್ಲಿ ಬೆಟ್ಟದ ನಡಿಗೆಗೆ ಒಂದು ಲೆಕ್ಕ ಹೇಳಿದ: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಇಳಿತಕ್ಕೆ ಅವನು ಕಾಲವನ್ನೇ ಕೂಡಿಸಲಿಲ್ಲ. ಕಡಿದಾದ ಇಳಿಜಾರಿನಲ್ಲಿ ಸಾವಿರ ಅಡಿಗೆ ಹತ್ತು ನಿಮಿಷ ಸೇರಿಸಬೇಕೆಂದು ಮುಂದೆ ಬಂದವರು ತಿದ್ದಿದರು. ಕುಕ್ಕೆಯ ದಾರಿ ಎಂಟು ಮೈಲಿ, ಐದು ಸಾವಿರ ಅಡಿಗೂ ಮಿಕ್ಕ ಇಳಿತ. ತಿದ್ದಿದ ಲೆಕ್ಕದಲ್ಲಿಯೂ ಮೂರೂವರೆ ಗಂಟೆ ಸಾಕು. ಆದರೆ ಇದು ಪಳಗಿದ ಕಾಲಿನ ಮಾತು, ವಿಶ್ರಾಂತಿಯಿಲ್ಲದ ಮಾತು. ಹೊಸಬರಿಗೆ ಶಿಖರದಿಂದ ಗಿರಿಗದ್ದೆಗೆ ಮೂರು ಗಂಟೆ, ಅಲ್ಲಿಂದ ಕೆಳಗಿನ ದಟ್ಟ ಕಾಡಿಗೆ ಎರಡೂವರೆ ಎಂದು ಹಿಡಿಯುವುದೇ ಕ್ಷೇಮ. ಕಾಡಿನೊಳಗೆ ಕತ್ತಲೆ ಪಂಚಾಂಗದ ಸೂರ್ಯಾಸ್ತಕ್ಕೆ ಕಾಯುವುದಿಲ್ಲ. ಐದು ಗಂಟೆಗೆ ರಸ್ತೆ ಮುಟ್ಟಬೇಕಾದರೆ ಹನ್ನೊಂದೂವರೆಗೆ ಶಿಖರ ಬಿಡಬೇಕು. ಅದಕ್ಕೆ ಏಳು ಗಂಟೆಗಾದರೂ ಬೀದಳ್ಳಿಯ ಕಡೆಯಿಂದ ಹೊರಟಿರಬೇಕು. ಹೀಗೆ ಯೋಜನೆಯನ್ನು ಕೆಳಗಿನಿಂದ ಮೇಲಕ್ಕೆ, ಸಂಜೆಯಿಂದ ಬೆಳಗಿಗೆ ಬರೆಯಬೇಕು.

ಇಳಿಯುವಾಗ ಉಸಿರು ಕಟ್ಟುವುದಿಲ್ಲ, ಮೋಸವಿರುವುದೇ ಅಲ್ಲಿ. ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗುತ್ತ ಪ್ರತಿ ಹೆಜ್ಜೆಯನ್ನೂ ತಡೆಯುತ್ತದೆ. ಅದರ ಎಳೆಗಳಿಗೆ ಪೆಟ್ಟಾಗುವುದು ಏರಿಗಿಂತ ಇಳಿತದಲ್ಲೇ ಹೆಚ್ಚು. ಎದೆ ದಣಿವನ್ನು ಕೂಗಿ ಹೇಳುತ್ತದೆ, ಮಂಡಿ ಕೊನೆಯವರೆಗೆ ಬಾಯಿ ಬಿಡದು. ಮೇಲಾಗಿ ಪಶ್ಚಿಮದ ಏಣು ಬೋಳು ಹುಲ್ಲುಗಾವಲು. ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ. ಬೇಸಗೆ ಹತ್ತಿರವಾದಂತೆ ಕಲ್ಲುಮಂಟಪದ ಬಳಿಯ ನೀರನ್ನೂ ನಂಬುವಂತಿಲ್ಲ. ಗಿರಿಗದ್ದೆಯ ಭಟ್ಟರ ಮನೆ ಅನೇಕ ವರ್ಷ ಚಾರಣಿಗರಿಗೆ ಊಟವಿಕ್ಕಿದೆ, ನಿಜ; ಆದರೆ ಅನ್ನದ ನೆನಪು ನಡುದಾರಿಯ ಬಾಯಾರಿಕೆಗೆ ಆಗದು.

ಪೂರ್ವದ ದಾರಿ ನಿರ್ದೋಷಿಯೆಂದಲ್ಲ. ಶಿಖರದ ಸಮೀಪದಲ್ಲಿ ಕಡಿದಾದ ಹಾಸುಬಂಡೆ ಇದೆ. ಹತ್ತುವವನಿಗೆ ಅಲ್ಲಿ ಕೈ ನೆರವಾಗುತ್ತದೆ. ಇಳಿಯುವವನು ಕಾಲನ್ನೇ ನಂಬಬೇಕು. ಬಂಡೆ ನೆನೆದಿದ್ದರೆ ಆ ನಂಬಿಕೆಯೂ ಇಲ್ಲ. ಆದ್ದರಿಂದ ಅದನ್ನು ಹತ್ತಬೇಕು, ಇಳಿಯಬಾರದು ಎಂದು ವಾದಿಸುವವರಿದ್ದಾರೆ. ವಾದದಲ್ಲಿ ತಿರುಳಿದೆ. ಆದರೆ ಶಿಖರಕ್ಕೂ ಶೇಷಪರ್ವತಕ್ಕೂ ನಡುವಣ ಶೋಲಾ ಕಾಡಿನಲ್ಲಿಯೂ ನೀರು ಜಿನುಗುವ ಓರೆಬಂಡೆ ಉಂಟಲ್ಲ! ಎರಡು ಕಡೆಯೂ ಬಂಡೆ ಇದೆಯೆಂದ ಮೇಲೆ ತೀರ್ಪು ಮಿಕ್ಕ ಸಂಗತಿಗಳಿಂದ ಆಗಬೇಕು.

ಆ ಸಂಗತಿಗಳಲ್ಲಿ ದೊಡ್ಡದು ಮರಳುವ ಬೆಲೆ. ಬಂದ ದಾರಿಯಲ್ಲೇ ಹಿಂತಿರುಗುವವನು ಎಲ್ಲಿ ಬೇಕಾದರೂ ನಿಂತು ತಿರುಗಬಹುದು; ನಡೆದ ಮಣ್ಣು ಪರಿಚಿತ, ಜೀಪು ಬುಡದಲ್ಲಿದೆ. ಏಣನ್ನು ದಾಟುವವನಿಗೆ ಶೇಷಪರ್ವತದಾಚೆ ಆ ಸ್ವಾತಂತ್ರ್ಯವಿಲ್ಲ. ಒಬ್ಬನ ಕಾಲು ಉಳುಕಿತೆನ್ನಿ, ಮುಂದೆಯೂ ದೂರ, ಹಿಂದೆ ಮತ್ತೆ ಏರು. ಶಿಖರದಲ್ಲಿ ರಾತ್ರಿ ತಂಗುವುದಕ್ಕೂ ಅನುಮತಿಯಿಲ್ಲ.

ಅನುಮತಿಯ ಮಾತು ಬಂದದ್ದರಿಂದ ಒಂದು ಸೂಚನೆ. 2024ರ ಜನವರಿಯ ರಜೆಯಲ್ಲಿ ಈ ಬೆಟ್ಟದ ಮೇಲೆ ಜಾತ್ರೆಯಂತೆ ಜನ ನೆರೆದ ಮೇಲೆ ಸರಕಾರ ನಿರ್ಬಂಧ ತಂದು, ಅಂತರ್ಜಾಲದಲ್ಲಿ ಮುಂಗಡವಾಗಿ ಅನುಮತಿ ಪಡೆಯುವ ಕ್ರಮವನ್ನು ಮಾಡಿತು. 1987ರಿಂದ ವನ್ಯಧಾಮವಾಗಿರುವ ಪುಷ್ಪಗಿರಿಗೆ ಇದು ಅಗತ್ಯವೇ ಆಗಿತ್ತೆಂದು ನನ್ನ ಅಭಿಪ್ರಾಯ. ಅನುಮತಿ ಯಾವ ಕಡೆ ಇಳಿಯುವುದಕ್ಕೆ ಎಂಬುದನ್ನು ಹೊರಡುವ ಮೊದಲೇ ಓದಿಕೊಳ್ಳತಕ್ಕದ್ದು.

ನಮ್ಮ ತಂಡದಲ್ಲಿ ಬೆಟ್ಟ ಕಂಡವರು ಇಬ್ಬರೇ. ಮಂಡಿ ನೋವಿನವನು ಒಬ್ಬ. ಆದ್ದರಿಂದ ಈ ಸಲ ಬೀದಳ್ಳಿಯ ಕಡೆಯಿಂದಲೇ ಏರಿ ಅಲ್ಲಿಗೇ ಇಳಿಯುವುದೆಂದು ತೀರ್ಮಾನವಾಯಿತು. ದರ್ಶನ ತಪ್ಪಿತೆಂದು ಕೆಲವರಿಗೆ ಕೊರಗು. ಏಣಿನ ನಡಿಗೆಯೇ ತಪ್ಪಿತೆಂದು ಉಳಿದವರಿಗೆ. ಬಹಳ ಚರ್ಚೆಯಾದ ಮೇಲೆ ಒಂದು ರಾಜಿಗೆ ಬಂದಿದ್ದೇವೆ. ಶಿಖರದಲ್ಲಿ ಎಲ್ಲರೂ ಕೂಡಿದಾಗ ಗಡಿಯಾರ ಹನ್ನೊಂದನ್ನು ದಾಟಿರದಿದ್ದರೆ, ಬಂಡೆ ಒಣಗಿದ್ದರೆ, ಶೇಷಪರ್ವತದವರೆಗೆ ಹೋಗಿ ಪಶ್ಚಿಮದ ಕಣಿವೆಯನ್ನು ನೋಡಿ ಹಿಂತಿರುಗುವುದು. ಹನ್ನೊಂದೂವರೆಯಾಗಿದ್ದರೆ ಬುತ್ತಿ ಬಿಚ್ಚಿ ಉಂಡು, ಅಲ್ಲಿಂದಲೇ ಇಳಿಯುವುದು.