ಎಂಜಿನ್ನಿನ ದೀಪಗಳು

ಸಿನ್ನರಿನಲ್ಲಿ ಸೇವುಣರ ಕಾಲದ ಗೊಂದೇಶ್ವರನ ಗುಡಿಯುಂಟು, ಕಾರಖಾನೆಗಳುಂಟು; ಊರಿಗೆ ಹೊರಡಲು ರೈಲು ಹಿಡಿಯಬೇಕಾದರೆ ಮಾತ್ರ ನಾಸಿಕ ರೋಡಿನವರೆಗೆ ಬಸ್ಸಿನಲ್ಲಿ ಹೋಗಬೇಕು. ಈ ಕೊರತೆಯೇ ಕಾರಣವಿರಬೇಕು, ನಮ್ಮ ಹುಡುಗ ರೈಲನ್ನು ಮನೆಗೇ ತಂದುಬಿಟ್ಟಿದ್ದಾನೆ. ಕಂಪ್ಯೂಟರಿನಲ್ಲಿ ‘ಓಪನ್ ರೈಲ್ಸ್’ ಎಂಬ, ಹಣ ತೆರಬೇಕಾಗಿಲ್ಲದ ಸಿಮ್ಯುಲೇಟರ್. ತೆರೆಯ ಮೇಲೆ ಡ್ರೈವರನ ಕೋಣೆ, ಮುಂದೆ ಹಳಿ. ಗಾಡಿ ಓಡಿಸುವವನು ನಮ್ಮ ಮಗ.

ಕಳೆದ ದೀಪಾವಳಿಗೆ ಹುಬ್ಬಳ್ಳಿಯಿಂದ ನಮ್ಮ ದೊಡ್ಡಪ್ಪನವರು ಬಂದಿದ್ದರು. ಗೂಡ್ಸ್ ಗಾಡಿಯ ಡ್ರೈವರಾಗಿ ನಿವೃತ್ತರಾದವರು. ರಾತ್ರಿ ಊಟವಾದ ಮೇಲೆ ಮೊಮ್ಮಗನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತರು. ಹುಡುಗನಿಗೆ ಅಂದು ಪೇಚಾಟ: ಏನು ಮಾಡಿದರೂ ದೀಪ ಹೊತ್ತಲೊಲ್ಲದು. ಈ ಆಟದಲ್ಲಿ ‘ಎಚ್’ ಅಕ್ಷರದ ಗುಂಡಿಯನ್ನು ಒಮ್ಮೆ ಒತ್ತಿದರೆ ಮಂದ ದೀಪ, ಮತ್ತೊಮ್ಮೆ ಒತ್ತಿದರೆ ಪ್ರಖರ ದೀಪ. ‘ಶಿಫ್ಟ್’ ಗುಂಡಿಯೊಡನೆ ಒತ್ತಿದರೆ ಇಳಿಕೆ. ಆದರೆ ಎಂಜಿನ್ನನ್ನು ರೂಪಿಸಿದವರು ಅದರ ಕಡತದಲ್ಲಿ ದೀಪದ ವಿವರವನ್ನೇ ಬರೆಯದಿದ್ದರೆ ಗುಂಡಿ ಒತ್ತಿ ಫಲವಿಲ್ಲ. ಬೇರೊಂದು ಎಂಜಿನ್ ಆರಿಸಿದೊಡನೆ ಹಳಿ ಬೆಳಗಿತು.

“ಎದುರಿಗೆ ಗಾಡಿ ಬರಾಕತ್ತೈತಿ, ದೀಪ ಇಳಸೋ ತಮ್ಮಾ.”

“ಇದು ಆಟ ಅಲ್ಲೇನ್ರಿ ಅಜ್ಜಾ?”

“ಆಟ ಇರವಲ್ದ್ಯಾಕ! ಎದುರಿನವನ ಕಣ್ಣು ಕುಕ್ಕಬಾರದು.”

ಅಲ್ಲಿಂದ ಪಾಠ ಆರಂಭವಾಯಿತು. ಮುಂದಿನ ದೊಡ್ಡ ದೀಪ ಹಳಿ ಕಾಣಲಿಕ್ಕೆ. ಅದರ ಕೆಳಗೆ ಎರಡು ಚಿಕ್ಕ ದೀಪಗಳು. ಎಂಜಿನ್ ಮುಂದಿದ್ದರೆ ಬಿಳಿ, ಹಿಂದಾದರೆ ಕೆಂಪು. ಗಾಡಿಯ ಕೊನೆಯ ಡಬ್ಬಿಗೆ ರಾತ್ರಿ ಕೆಂಪು ದೀಪ ಇರಲೇಬೇಕು. ಅದು ಕಾಣದಿದ್ದರೆ ಡಬ್ಬಿಗಳು ಕಳಚಿ ಹಿಂದೆ ಉಳಿದಿರಬಹುದೆಂದು ಸ್ಟೇಷನ್ನಿನವರು ಎಚ್ಚರಗೊಳ್ಳುತ್ತಾರೆ. ಇಷ್ಟು ಹೇಳಿ ದೊಡ್ಡಪ್ಪ, “ಹಳದಿ ಮಿಣುಕು ದೀಪದ ಗುಂಡಿ ಎಲ್ಲೈತಿ?” ಎಂದರು. ಹುಡುಗ ಹುಡುಕಿದ. ಆ ಎಂಜಿನ್ನಿನಲ್ಲಿ ಅದಿರಲಿಲ್ಲ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಒಮ್ಮೆ ಜೋಡಿ ಹಳಿಯ ಮೇಲೆ ಹೋಗುತ್ತಿದ್ದಾಗ ನಡುರಾತ್ರಿ ಬ್ರೇಕಿನ ಗಾಳಿಯ ಒತ್ತಡ ಒಮ್ಮೆಲೇ ಇಳಿದು ಗಾಡಿ ನಿಂತುಬಿಟ್ಟಿತಂತೆ. ಹಿಂದೆ ಏನಾಗಿದೆಯೋ ಕಾಣದು. ಡಬ್ಬಿಯೊಂದು ಪಕ್ಕದ ಹಳಿಗೆ ಅಡ್ಡ ಬಿದ್ದಿರಲೂಬಹುದು. ಕೈ ಮೊದಲು ಹೋದದ್ದು ಮಿಣುಕು ದೀಪದ ಗುಂಡಿಗೆ. ಅದನ್ನು ಕಂಡ ಎದುರಿನ ಡ್ರೈವರ್ ಗಾಡಿ ನಿಲ್ಲಿಸಲೇಬೇಕು. ಆಮೇಲೆ ಸಹಾಯಕ ಕೆಂಪು ದೀಪ ಹಿಡಿದು, ಪಕ್ಕದ ಹಳಿಗುಂಟ ಓಡಿದ. ಹಳಿಯ ಮೇಲೆ ಸಿಡಿಮದ್ದಿನ ಬಿಲ್ಲೆ ಇಡಲಿಕ್ಕೆ—೬೦೦ ಮೀಟರಿಗೆ ಒಂದು, ೧೨೦೦ ಮೀಟರಿಗೆ ಹತ್ತು ಹತ್ತು ಮೀಟರಿನ ಅಂತರದಲ್ಲಿ ಮೂರು. ಆತ ಅಷ್ಟು ದೂರ ಮುಟ್ಟುವ ಮೊದಲೇ ಎದುರಿನ ಗಾಡಿ ಬಂದಿತು. ಮಿಣುಕು ಕಂಡು ನಿಂತಿತು.

“ಡಬ್ಬಿ ಬಿದ್ದಿತ್ತೇನ್ರಿ?”

“ಇಲ್ಲೋ, ಬರೇ ಗಾಳಿ ಕೊಳವಿ ಕಳಚಿತ್ತು. ಬಿದ್ದಿದ್ದರ?”

ಮರುದಿನ ಅವರನ್ನು ನಾಸಿಕ ರೋಡಿಗೆ ಕಳಿಸಲು ಹೋದೆವು. ಅಲ್ಲಿಂದ ಮುಂಬಯಿಯ ಕಡೆಗೆ ಹೋದರೆ ಇಗತ್‌ಪುರಿ. ಅದರಾಚೆ ೧೮೬೫ರಲ್ಲಿ ರೈಲು ಹತ್ತಿದ ಥಳ್ ಘಾಟು, ೩೭ ಅಡಿಗೆ ಒಂದಡಿ ಏರು, ಹಿಂದಿನಿಂದ ನೂಕಲು ಬೇರೆ ಎಂಜಿನ್ನು, ಪಕ್ಕಪಕ್ಕದಲ್ಲೇ ಮೂರು ಹಳಿ. ಹುಡುಗ ಗಾಡಿ ಬಂದೊಡನೆ ಅಜ್ಜನ ಚೀಲವನ್ನೂ ಮರೆತು ಎಂಜಿನ್ನಿನ ನೆತ್ತಿಯನ್ನೇ ನೋಡುತ್ತ ನಿಂತ.

ಈಗಲೂ ತೆರೆಯ ಮೇಲೆ ಗಾಡಿ ಇದ್ದಕ್ಕಿದ್ದಂತೆ ನಿಂತರೆ, ಗುಂಡಿಯಿಲ್ಲದ್ದರಿಂದ, “ಮಿಣುಕು ದೀಪ ಹಾಕಿದೆ!” ಎಂದು ಬಾಯಿಂದಲೇ ಕೂಗುತ್ತಾನೆ. ಅಡಿಗೆಮನೆಯಿಂದ ಅವನ ತಾಯಿ, “ಆಯಿತು, ಊಟಕ್ಕೆ ಬಾ” ಎನ್ನುತ್ತಾಳೆ.