ಬೇಸ್ ಗಿಟಾರೂ ಅದರ ಪರಿಕರಗಳೂ

ಮನೆಯ ಸಣ್ಣ ರೇಡಿಯೋದಲ್ಲಿ ಚಿತ್ರಗೀತೆಯೊಂದು ಬರುತ್ತಿರುವಾಗ ಅದರ ತಳದಲ್ಲಿ ನಡೆಯುವ ಬೇಸ್ ಗಿಟಾರಿನ ಸ್ವರಗಳಿಗೆ ಒಮ್ಮೆ ಕಿವಿಗೊಡಿ. ಅಂಗೈಯಗಲದ ಆ ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರವನ್ನು ಹೊರಡಿಸುವ ಶಕ್ತಿ ಇಲ್ಲ. ಆದರೂ ಸ್ವರ ಯಾವುದೆಂಬುದು ನಿಮಗೆ ತಿಳಿಯುತ್ತದೆ. ಈ ವಾದ್ಯದ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ; ಜೊತೆಜೊತೆಗೇ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಕಂಪನಗಳೂ ಹುಟ್ಟುತ್ತವೆ. ರೇಡಿಯೋ ಕೇಳಿಸುವುದು ಈ ಮೇಲಿನವುಗಳನ್ನು; ಕೆಳಗಿನ ಮೂಲಸ್ವರವನ್ನು ನಮ್ಮ ಮೆದುಳೇ ಊಹಿಸಿ ತುಂಬಿಕೊಳ್ಳುತ್ತದೆ. ತಂಬೂರಿಯ ಮಂದ್ರ ತಂತಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ ಕೇಳಿಬರುವುದೂ ಇಂತಹ ಉಪಸ್ವರಗಳಿಂದಲೇ.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಅಭ್ಯಾಸದ ಕೊಠಡಿಯಲ್ಲಿ ತನ್ನ ದನಿ ತನಗೇ ಕೇಳದಾಗ ಹೊಸ ವಾದಕನು ಮಾಡುವ ಮೊದಲ ಕೆಲಸವೆಂದರೆ ಆಂಪ್ಲಿಫೈಯರಿನ ‘ಬೇಸ್’ ಗುಂಡಿಯನ್ನು ಪೂರ್ತಿ ತಿರುಗಿಸುವುದು. ಫಲ ಮಾತ್ರ ವಿಪರೀತ. 41 ಕಂಪನದ ಸ್ವರದ ಅಲೆ ಎಂಟು ಮೀಟರಿಗೂ ಉದ್ದ. ಹದಿನಾಲ್ಕು ಅಡಿ ಉದ್ದದ ಕೊಠಡಿಯಲ್ಲಿ ಅದರ ಅರ್ಧ ಮಾತ್ರ ಹಿಡಿಸುತ್ತದೆ. ಗೋಡೆಯ ಬಳಿ ಗುಡುಗಿದಂತೆ, ನಡುವೆ ನಿಂತವನಿಗೆ ಏನೂ ಇಲ್ಲವೆಂಬಂತೆ ಕೇಳುತ್ತದೆ. ಮೇಲಾಗಿ ಡ್ರಮ್ಮಿನ ದೊಡ್ಡ ತಮಟೆಯೂ ಕೀಬೋರ್ಡ್ ವಾದಕನ ಎಡಗೈಯೂ ಅದೇ ಜಾಗದಲ್ಲಿ ಕಾದಾಡುತ್ತಿರುತ್ತವೆ. ಆಗ ತಗ್ಗಿನ ಗುಂಡಿಯನ್ನು ತುಸು ಇಳಿಸಿ, ನಡುವಿನ ಗುಂಡಿಯನ್ನು, ಎಂದರೆ 400ರಿಂದ 800 ಕಂಪನಗಳ ಭಾಗವನ್ನು, ಏರಿಸಿ ನೋಡಿ. ಸ್ಪೀಕರ್ ಪೆಟ್ಟಿಗೆಯನ್ನು ಮೂಲೆಯಿಂದ ಈಚೆಗೆ ಸರಿಸಿ, ಗಟ್ಟಿಯಾದ ಕುರ್ಚಿಯ ಮೇಲಿಟ್ಟು ಕಿವಿಯ ಕಡೆಗೆ ತಿರುಗಿಸಿ. ಒಂದು ಕಾಸೂ ಖರ್ಚಿಲ್ಲದೆ ಸ್ವರ ಸ್ಪಷ್ಟವಾಗುವುದನ್ನು ಕಾಣುವಿರಿ. ಒಂಟಿಯಾಗಿ ನುಡಿಸುವಾಗ ಈ ದನಿ ಒರಟೆನಿಸೀತು. ಮೇಳದಲ್ಲಿ ಅದೇ ಸರಿ.

ಇನ್ನು ವಾದ್ಯದ ವಿಚಾರ. ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ ಎಂಬುವರು 1951ರಲ್ಲಿ ‘ಪ್ರಿಸಿಷನ್ ಬೇಸ್’ ಅನ್ನು ಹೊರತಂದರು. ಅದಕ್ಕೆ ಮೊದಲು ಬೇಸ್ ಎಂದರೆ ಆಳೆತ್ತರದ ಪಿಟೀಲಿನಂತಹ ವಾದ್ಯ. ಅದನ್ನು ಹೊತ್ತು ತಿರುಗುವುದೇ ಒಂದು ಸಾಹಸ. ಹೊಸದಕ್ಕೆ ನಮ್ಮ ವೀಣೆಗಿರುವಂತೆ ಮೆಟ್ಟಿಲುಗಳಿದ್ದು, ಬೆರಳಿಟ್ಟಲ್ಲಿ ಸ್ವರ ತಪ್ಪದೆ ನಿಲ್ಲುತ್ತಿದ್ದುದರಿಂದಲೇ ಆ ಹೆಸರು. ಅದರ ತಂತಿಯ 34 ಅಂಗುಲದ ಅಳತೆಯೇ ಇಂದಿಗೂ ರೂಢಿಯಲ್ಲಿದೆ. ಬೆರಳು ಚಿಕ್ಕದಾಗಿರುವವರಿಗೆ 30 ಅಂಗುಲದವೂ ಸಿಗುತ್ತವೆ. ಐದನೆಯ ತಂತಿಯ ಆಸೆ ಈಗಲೇ ಬೇಡ. ಅದು 31 ಕಂಪನದವರೆಗೆ ಇಳಿಯುತ್ತದೆ, ಅಗ್ಗದ ಸ್ಪೀಕರ್ ಅದನ್ನು ಬರಿಯ ಗೊರಗೊರ ಶಬ್ದವಾಗಿಸುತ್ತದೆ.

ಬಳಸಿದ ಗಿಟಾರನ್ನು ಕೊಳ್ಳಲು ಹಿಂಜರಿಯಬೇಕಾಗಿಲ್ಲ. ಕೊಳ್ಳುವ ಮುನ್ನ ಕತ್ತಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ, ತಿರುಚಿದೆಯೋ ಹೇಗೆಂದು ಪರೀಕ್ಷಿಸಿ. ಪ್ರತಿಯೊಂದು ಮೆಟ್ಟಿಲಿನ ಮೇಲೂ ಪ್ರತಿಯೊಂದು ತಂತಿಯನ್ನೂ ಮೀಟಿ. ಅಂಗಡಿಯವರು ಬೇಸರಪಟ್ಟರೆ ಪಡಲಿ. ಗುಂಡಿಗಳು ಕರಕರ ಎಂದರೆ ಚಿಂತೆಯಿಲ್ಲ, ಅದು ಸಣ್ಣ ರಿಪೇರಿ. ತಿರುಚಿದ ಕತ್ತು ಮಾತ್ರ ದೊಡ್ಡ ಖರ್ಚು.

ಹಣದ ಹೆಚ್ಚಿನ ಪಾಲನ್ನು ಗಿಟಾರಿಗೆ ಸುರಿದು ಉಳಿದುದರಲ್ಲಿ ಆಂಪ್ಲಿಫೈಯರ್ ಕೊಳ್ಳುವ ಪದ್ಧತಿ ನನಗೆ ಸರಿಕಾಣದು. ತಗ್ಗಿನ ಸ್ವರಕ್ಕೆ ನಮ್ಮ ಕಿವಿ ಮಂದ. ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಇದನ್ನು ಅಳೆದು ತೋರಿಸಿದರು. ಆದ್ದರಿಂದ ಗಿಟಾರಿಗೆ 30 ವ್ಯಾಟ್ ಸಾಕಾಗುವ ಕಡೆ ಬೇಸ್‌ಗೆ ಅದರ ಹಲವು ಪಟ್ಟು ಬೇಕಾಗುತ್ತದೆ. 1969ರಲ್ಲಿ ಆಂಪೆಗ್ ಕಂಪನಿ ದೊಡ್ಡ ಬಯಲುಗಳಿಗೆಂದು 300 ವ್ಯಾಟಿನ ಆಂಪ್ಲಿಫೈಯರನ್ನೇ ತಂದಿತು. ಡ್ರಮ್ಮಿನ ಜೊತೆ ಅಭ್ಯಾಸಕ್ಕೆ 100ರಿಂದ 200 ವ್ಯಾಟ್, 12 ಅಥವಾ 15 ಅಂಗುಲದ ಒಂದು ಸ್ಪೀಕರ್, ಇಷ್ಟಿದ್ದರೆ ಸಾಕು. ವ್ಯಾಟ್ ಇಮ್ಮಡಿಸಿದರೆ ದನಿ ಇಮ್ಮಡಿಸುವುದೆಂಬುದು ತಪ್ಪು ತಿಳಿವಳಿಕೆ. ಕಿವಿಗೆ ಎರಡರಷ್ಟು ಎನಿಸಬೇಕಾದರೆ ಸುಮಾರು ಹತ್ತರಷ್ಟು ಶಕ್ತಿ ಬೇಕು. ದೊಡ್ಡ ಸಭಾಂಗಣದ ಹೊರೆಯನ್ನು ಅಲ್ಲಿಯ ಧ್ವನಿವರ್ಧಕಗಳೇ ಹೊರಲಿ. ಅದಕ್ಕಾಗಿ ಮಿಕ್ಸರಿಗೆ ನೇರ ಜೋಡಿಸುವ ಡಿ.ಐ. ಸೌಕರ್ಯವುಳ್ಳ ಆಂಪ್ಲಿಫೈಯರನ್ನೇ ಆರಿಸಿಕೊಳ್ಳಿ.

ಪೆಟ್ಟಿಗೆಗಳನ್ನು ಜೋಡಿಸುವಾಗ ‘ಓಮ್’ ಲೆಕ್ಕ ಮರೆಯಬಾರದು. 8 ಓಮಿನ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಒಂದರ ಪಕ್ಕ ಒಂದು ಸೇರಿಸಿದರೆ 16 ಆಗುವುದಿಲ್ಲ, 4 ಆಗುತ್ತದೆ. 4 ಓಮಿನ ಎರಡಾದರೆ 2. ಆಂಪ್ಲಿಫೈಯರಿನ ಬೆನ್ನ ಮೇಲೆ ಬರೆದಿರುವ ಕನಿಷ್ಠ ಸಂಖ್ಯೆಗಿಂತ ಕೆಳಗಿಳಿದರೆ ಅದು ಕಾದು ಸುಟ್ಟೀತು. ವಾಲ್ವ್ ಮಾದರಿಯದನ್ನಂತೂ ಸ್ಪೀಕರ್ ಜೋಡಿಸದೆ ಚಾಲೂ ಮಾಡಲೇಬಾರದು. ಗಿಟಾರಿನ ತಂತಿಯೂ ಸ್ಪೀಕರಿನ ತಂತಿಯೂ ನೋಟಕ್ಕೆ ಒಂದೇ, ಒಳಗೆ ಬೇರೆ. ಬಣ್ಣದ ಟೇಪು ಸುತ್ತಿ ಗುರುತು ಮಾಡಿಡುವುದು ಲೇಸು.

ಈಗ ಎಲ್ಲಕ್ಕಿಂತ ಗಂಭೀರವಾದ ವಿಷಯಕ್ಕೆ ಬರೋಣ. ಗಣೇಶೋತ್ಸವದ ಶಾಮಿಯಾನದಲ್ಲಿ ನಮ್ಮ ಆರ್ಕೆಸ್ಟ್ರಾಗಳು ನುಡಿಸುವಾಗ ವಿದ್ಯುತ್ತು ಒಂದು ಕಂಬದಿಂದ, ಮೈಕ್ ಸೆಟ್ಟಿನದು ಜನರೇಟರಿನಿಂದ, ನೆಲವೋ ಮಳೆಯಿಂದ ಒದ್ದೆ. ಆಂಪ್ಲಿಫೈಯರಿನಿಂದ ‘ಹಮ್’ ಎಂಬ ಗುಂಯ್‌ಗುಡುವಿಕೆ ಬರುತ್ತದೆ. ನಮ್ಮ ವಿದ್ಯುತ್ತಿನ ಆವರ್ತ 50. ದಪ್ಪ ತಂತಿಯ ಮೂರನೆಯ ಮೆಟ್ಟಿಲಿನ ಸ್ವರ 49. ಹೀಗಾಗಿ ಆ ಹಮ್ ಬೇಸ್ ವಾದಕನ ಸ್ವರಕ್ಕೇ ಅಂಟಿಕೊಂಡು ಕಾಡುತ್ತದೆ. ಅದನ್ನು ಅಡಗಿಸಲು ಕೆಲವರು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು, ಎಂದರೆ ಅರ್ತ್ ಅನ್ನು, ಕಿತ್ತುಹಾಕುತ್ತಾರೆ. ಇದಕ್ಕಿಂತ ಅಪಾಯದ ಕೆಲಸ ಬೇರೊಂದಿಲ್ಲ. ಗಿಟಾರಿನ ಲೋಹದ ತಂತಿಗಳು ಸಾಮಾನ್ಯವಾಗಿ ಆಂಪ್ಲಿಫೈಯರಿನ ಲೋಹದ ಚೌಕಟ್ಟಿನೊಂದಿಗೆ ಸೇರಿಕೊಂಡಿರುತ್ತವೆ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವಾಗ ಎರಡರಲ್ಲಿ ಒಂದರ ಅರ್ತ್ ಕೆಟ್ಟಿದ್ದರೆ ವಿದ್ಯುತ್ತು ಹರಿಯುವುದು ವಾದಕನ ಎದೆಯ ಮೂಲಕ. ಸ್ಟೋನ್ ದ ಕ್ರೋಸ್ ಎಂಬ ಮೇಳದ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇ 3ರಂದು ವೇಲ್ಸಿನ ಸ್ವಾನ್ಸಿಯಲ್ಲಿ ಅರ್ತ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಸತ್ತರು. ನಾಲ್ಕು ವರ್ಷಗಳ ನಂತರ ಯಾರ್ಡ್‌ಬರ್ಡ್ಸ್ ಮೇಳದ ಗಾಯಕರಾಗಿದ್ದ ಕೀತ್ ರೆಲ್ಫ್ ತಮ್ಮ ಮನೆಯಲ್ಲಿಯೇ ಗಿಟಾರ್ ಹಿಡಿದಿದ್ದಾಗ ವಿದ್ಯುದಾಘಾತದಿಂದ ತೀರಿಕೊಂಡರು.

ಆದುದರಿಂದ ವೇದಿಕೆಯ ಎಲ್ಲ ಪರಿಕರಗಳಿಗೂ, ಮಿಕ್ಸರಿಗೂ ಸೇರಿ, ಅರ್ತ್ ಸರಿಯಿರುವ ಒಂದೇ ಕಡೆಯಿಂದ ವಿದ್ಯುತ್ತು ಕೊಡಿಸಿ. ನಡುವೆ 30 ಮಿಲಿ ಆಂಪಿಯರಿಗೆ ಕಡಿದುಕೊಳ್ಳುವ ಆರ್.ಸಿ.ಸಿ.ಬಿ. ಇರಲಿ. ಟೆಸ್ಟರಿನ ದೀಪ ಹೊತ್ತಿದ ಮಾತ್ರಕ್ಕೆ ಅರ್ತ್ ಇದೆಯೆಂದು ಅರ್ಥವಲ್ಲ. ಅದನ್ನು ವಿದ್ಯುತ್ ಕೆಲಸ ಬಲ್ಲವರೇ ನೋಡಬೇಕು. ಕಾಲಿಗೆ ಒಣಗಿದ ರಬ್ಬರ್ ಅಟ್ಟೆ ಇರಲಿ. ಹಮ್ ಹೋಗಲಾಡಿಸಲು ಡಿ.ಐ. ಪೆಟ್ಟಿಗೆಯಲ್ಲಿ ‘ಗ್ರೌಂಡ್ ಲಿಫ್ಟ್’ ಎಂಬ ಸ್ವಿಚ್ಚಿದೆ. ಅದು ಧ್ವನಿಯ ತಂತಿಯ ಕೊಂಡಿಯನ್ನಷ್ಟೇ ಬಿಡಿಸುತ್ತದೆ, ಪ್ಲಗ್ಗಿನ ಅರ್ತ್ ಅನ್ನು ಮುಟ್ಟುವುದಿಲ್ಲ. ಅಮೆರಿಕದಿಂದ ನೆಂಟರು ತಂದುಕೊಟ್ಟ ಆಂಪ್ಲಿಫೈಯರಾದರೆ ಅದು 120 ವೋಲ್ಟಿನದೋ ಎಂದು ಮೊದಲು ಓದಿಕೊಳ್ಳಿ. ನಮ್ಮದು 230.

ತಂತಿಗಳ ಆರೈಕೆ ಸುಲಭ. ನುಡಿಸಿದ ಮೇಲೆ ಒಣಬಟ್ಟೆಯಿಂದ ಬೆವರೊರೆಸಿದರೆ ಬಾಳಿಕೆ ಹೆಚ್ಚು. ಮಂಕಾದ ತಂತಿಗಳನ್ನು ಬಿಚ್ಚಿ ನೀರಿನಲ್ಲಿ ಕುದಿಸಿ, ಚೆನ್ನಾಗಿ ಒಣಗಿಸಿ ಮತ್ತೆ ಕಟ್ಟುವವರೂ ಉಂಟು. ಹೊಳಪು ಕೆಲವು ದಿನ ಮರಳುತ್ತದೆ. ಆದರೆ ಹೊಳಪೇ ಎಲ್ಲವೂ ಅಲ್ಲ. ಡೆಟ್ರಾಯ್ಟಿನ ಮೋಟೌನ್ ಧ್ವನಿಮುದ್ರಣಗಳಲ್ಲಿ ನುಡಿಸಿದ ಜೇಮ್ಸ್ ಜೇಮರ್ಸನ್ ನಯವಾದ ದಪ್ಪ ತಂತಿಗಳನ್ನು ತುಂಡಾಗದ ಹೊರತು ಬದಲಾಯಿಸುತ್ತಿರಲಿಲ್ಲವೆಂದು ಪ್ರಸಿದ್ಧಿ. ಕರಾವಳಿಯ ಮಳೆಗಾಲದಲ್ಲಿಯೂ ಬಳ್ಳಾರಿಯ ಬೇಸಿಗೆಯಲ್ಲಿಯೂ ಮರದ ಕತ್ತು ಬಾಗುವುದುಂಟು. ಒಳಗಿನ ಕಬ್ಬಿಣದ ಸರಳನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ದಿನ ಬಿಟ್ಟು ನೋಡಿ. ಗಿಟಾರಿನೊಳಗೆ 9 ವೋಲ್ಟಿನ ಬ್ಯಾಟರಿ ಇದ್ದರೆ ಬಿಡುವಿನಲ್ಲಿ ಜಾಕನ್ನು ಕಿತ್ತಿಡಿ. ಸಿಕ್ಕಿಸಿದ್ದಷ್ಟು ಹೊತ್ತೂ ಅದು ಸವೆಯುತ್ತಿರುತ್ತದೆ.

ಕಾರ್ಯಕ್ರಮಕ್ಕೆ ಹೊರಡುವಾಗ ಚೀಲದಲ್ಲಿ ಇನ್ನೊಂದು ಗಿಟಾರ್ ತಂತಿ, ಒಂದು ಬ್ಯಾಟರಿ, ಅದೇ ಅಳತೆಯ ಫ್ಯೂಸು, ಒಂದು ಟಾರ್ಚು ಇರಲಿ. ನಡುವೆ ಕರೆಂಟು ಹೋದರೆ ಕೂಡಲೇ ಆಂಪ್ಲಿಫೈಯರಿನ ಸ್ವಿಚ್ಚನ್ನು ಆರಿಸಿ. ಜನರೇಟರ್ ಶುರುವಾಗಿ, ವೇದಿಕೆಯ ದೀಪಗಳು ಮಿಣುಕುವುದನ್ನು ಬಿಟ್ಟು ಸ್ಥಿರವಾಗಿ ಉರಿಯತೊಡಗಿದ ಮೇಲೆ, ದನಿಯ ಗುಂಡಿಯನ್ನು ಸೊನ್ನೆಗಿಳಿಸಿ ಮತ್ತೆ ಹಾಕಿ.