ಅಣುಶಕ್ತಿಯ ಹಡಗಿಗೂ ತಪ್ಪದ ಬಿಡಿಭಾಗಗಳ ಚಿಂತೆ

ಅಮೆರಿಕದ ನಿಮಿಟ್ಜ್ ವರ್ಗದ ವಿಮಾನವಾಹಕ ನೌಕೆಗಳು ಸುಮಾರು 50 ವರ್ಷ ಸೇವೆ ಸಲ್ಲಿಸುವಂತೆ ನಿರ್ಮಾಣಗೊಂಡಿದ್ದು, ಒಂದೊಂದರಲ್ಲೂ ಇರುವ ಎರಡು ರಿಯಾಕ್ಟರುಗಳಿಗೆ ಆ ಅವಧಿಯಲ್ಲಿ ಒಮ್ಮೆ ಮಾತ್ರ ಹೊಸ ಯುರೇನಿಯಂ ಇಂಧನ ತುಂಬಬೇಕಾಗುತ್ತದೆ. ಯುರೇನಿಯಂ ಪರಮಾಣುಗಳು ಸೀಳಿದಾಗ ಹೊಮ್ಮುವ ಶಾಖದಿಂದ ನೀರು ಹಬೆಯಾಗಿ, ಆ ಹಬೆಯಿಂದ ಟರ್ಬೈನುಗಳು ತಿರುಗಿ, ಅವುಗಳ ಬಲದಿಂದ ಹಡಗನ್ನು ಮುಂದಕ್ಕೆ ತಳ್ಳುವ ಪ್ರೊಪೆಲ್ಲರುಗಳು ತಿರುಗುತ್ತವೆ. ಹೀಗೆ ಚಲನೆಗೆ ಎಣ್ಣೆಯ ಹಂಗು ಇಲ್ಲವಾದರೂ, ಬಿಡಿಭಾಗಗಳ ಹಂಗಿನಿಂದ ಈ ಹಡಗುಗಳಿಗೆ ಬಿಡುಗಡೆಯಿಲ್ಲ. ಅರ್ಧ ಶತಮಾನ ಬಾಳುವ ಹಡಗು ತನ್ನ ಭಾಗಗಳನ್ನು ತಯಾರಿಸಿದ ಕಾರ್ಖಾನೆಗಳಿಗಿಂತಲೂ ಹೆಚ್ಚು ಕಾಲ ಉಳಿಯುವ ಸಂಭವವಿರುತ್ತದೆ.

ಇದಕ್ಕೆ ಫ್ರಾನ್ಸಿನ 'ಚಾರ್ಲ್ಸ್ ದ ಗಾಲ್' ನೌಕೆಗಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. ಸೇವೆಗೆ ಸೇರುವ ಮುನ್ನ, 2000ದ ನವೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಪರೀಕ್ಷಾರ್ಥವಾಗಿ ಸಂಚರಿಸುತ್ತಿದ್ದಾಗ ಅದರ ಎಡಬದಿಯ ಪ್ರೊಪೆಲ್ಲರ್ ಮುರಿಯಿತು. ತಾಮ್ರ ಮತ್ತು ಅಲ್ಯೂಮಿನಿಯಂ ಬೆರೆಸಿದ ಲೋಹವನ್ನು ಎರಕ ಹೊಯ್ದಾಗ ಒಳಗೆ ಗುಳ್ಳೆಗಳು ಉಳಿದುಬಿಟ್ಟಿದ್ದವೆಂದು ತನಿಖೆಯಿಂದ ತಿಳಿಯಿತಲ್ಲದೆ, ಬಲಬದಿಯ ಪ್ರೊಪೆಲ್ಲರಿನಲ್ಲೂ, ಮುಂಜಾಗ್ರತೆಗೆಂದು ಮಾಡಿಸಿಟ್ಟಿದ್ದ ಹೆಚ್ಚುವರಿ ಪ್ರೊಪೆಲ್ಲರುಗಳಲ್ಲೂ ಅದೇ ದೋಷ ಕಂಡುಬಂದಿತು. ತಯಾರಿಸಿದ ಕಂಪನಿ ಅಷ್ಟರಲ್ಲಿ ದಿವಾಳಿಯಾಗಿತ್ತು. ವಿನ್ಯಾಸದ ದಾಖಲೆಗಳು ಬೆಂಕಿ ಅನಾಹುತದಲ್ಲಿ ನಾಶವಾಗಿದ್ದವು. ಕೊನೆಗೆ 'ಕ್ಲೆಮಾನ್ಸೊ' ಮತ್ತು 'ಫಾಶ್' ಎಂಬ ಹಳೆಯ, ಅಣುಶಕ್ತಿಯಿಲ್ಲದ ನೌಕೆಗಳಿಗಾಗಿ ಇರಿಸಿದ್ದ ಪ್ರೊಪೆಲ್ಲರುಗಳನ್ನೇ ಜೋಡಿಸಬೇಕಾಗಿ ಬಂದು, 27 ನಾಟ್ ಅಂದರೆ ಗಂಟೆಗೆ 50 ಕಿಲೋಮೀಟರ್ ಸಾಗಬೇಕಿದ್ದ ಹಡಗು ಹಲವು ವರ್ಷ 24-25 ನಾಟ್ ವೇಗದಲ್ಲೇ ತೃಪ್ತಿಪಡಬೇಕಾಯಿತು. ರಿಯಾಕ್ಟರುಗಳು ಸುಸ್ಥಿತಿಯಲ್ಲಿದ್ದೂ ಎರಕದ ದೋಷವೊಂದು ಇಡೀ ನೌಕೆಯನ್ನು ಕಟ್ಟಿಹಾಕಿದ್ದು ಗಂಭೀರವಾಗಿ ಯೋಚಿಸಬೇಕಾದ ಸಂಗತಿ. ಅದೇ ನೌಕೆಯ ಕೆಟಪುಲ್ಟುಗಳು, ಅಂದರೆ ಗಿಡ್ಡ ಓಟದಾರಿಯಿಂದ ವಿಮಾನಗಳನ್ನು ಹಬೆಯ ಬಲದಿಂದ ಚಿಮ್ಮಿಸುವ ಯಂತ್ರಗಳು, ಅಮೆರಿಕದಿಂದ ಬಂದವಾದ್ದರಿಂದ, ಅವುಗಳ ಬಿಡಿಭಾಗಗಳಿಗೂ ಆ ದೇಶವನ್ನೇ ನೆಚ್ಚಬೇಕು.

ಒಂದೇ ವರ್ಗದ 10 ಹಡಗುಗಳನ್ನು ಹೊಂದಿರುವ ಅಮೆರಿಕಕ್ಕೆ ಈ ವಿಷಯದಲ್ಲಿ ಅನುಕೂಲ ಹೆಚ್ಚು: ಒಂದರ ಭಾಗ ಇನ್ನೊಂದಕ್ಕೆ ಒದಗಬಲ್ಲದು. ಅಷ್ಟೇಕೆ, ಬೇರೆ ವರ್ಗದ, ನಿವೃತ್ತವಾದ 'ಎಂಟರ್‌ಪ್ರೈಸ್' ನೌಕೆಯ ಲಂಗರೊಂದು ಈ ಹತ್ತರಲ್ಲೊಂದಾದ 'ಜಾರ್ಜ್ ವಾಷಿಂಗ್ಟನ್' ನೌಕೆಯನ್ನು ಸೇರಿದೆ. ಆದರೆ ಹೊಸ ವರ್ಗದ ಮೊದಲ ಹಡಗಿಗೆ ಇಂಥ ಆಸರೆ ಇರುವುದಿಲ್ಲ. ಆದ್ದರಿಂದಲೇ 'ಜೆರಾಲ್ಡ್ ಆರ್. ಫೋರ್ಡ್' ನೌಕೆಗೆ ಅದೇ ವರ್ಗದ, ಇನ್ನೂ ನಿರ್ಮಾಣದಲ್ಲಿದ್ದ 'ಜಾನ್ ಎಫ್. ಕೆನಡಿ'ಯಿಂದ ಕೆಲವು ಭಾಗಗಳನ್ನು ಕಳಚಿ ಒದಗಿಸಬೇಕಾಯಿತು. ಒಂದರ ಕೊರತೆಯನ್ನು ಇನ್ನೊಂದಕ್ಕೆ ವರ್ಗಾಯಿಸುವ ಈ ಉಪಾಯ ತುರ್ತಿಗೆ ಸರಿಯೇ ಹೊರತು ಪದ್ಧತಿಯಾಗಬಾರದು.

ನಿತ್ಯದ ಸವೆತವೂ ಕಡಿಮೆಯದಲ್ಲ. ಇಳಿಯುವ ವಿಮಾನದ ಬಾಲದ ಕೊಕ್ಕೆಗೆ ಸಿಕ್ಕಿ ಅದನ್ನು ತಡೆದು ನಿಲ್ಲಿಸುವ ಉಕ್ಕಿನ ಹಗ್ಗವನ್ನು, ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಕಂಡರೂ, ನಿಗದಿತ ಸಂಖ್ಯೆಯ ಇಳಿತಗಳಾದ ಕೂಡಲೇ ತೆಗೆದು ಹೊಸದನ್ನು ಹಾಕುತ್ತಾರೆ. ಸಣ್ಣಪುಟ್ಟ ಭಾಗಗಳನ್ನು ಹಡಗಿನ ಕಾರ್ಯಾಗಾರದಲ್ಲೇ ತಯಾರಿಸಬಹುದು. ಎಫ್-35 ವಿಮಾನದ ಎಂಜಿನ್ನಿನಂಥದ್ದು ದಡದಿಂದಲೇ ಬರಬೇಕು. ಸಾಗಣೆಯ ಹಳೆಯ ಸಿ-2 ವಿಮಾನದೊಳಗೆ ಅದು ಹಿಡಿಸದಿದ್ದುದರಿಂದ, ಹೆಲಿಕಾಪ್ಟರಿನಂತೆ ನೆಟ್ಟಗೆ ಏರಿ ಇಳಿಯಬಲ್ಲ ಆಸ್ಪ್ರೇ ವಿಮಾನವನ್ನು ಆ ಕೆಲಸಕ್ಕೆ ನೇಮಿಸಲಾಗಿದೆ.

ಇಂಧನ ಬದಲಿಸುವ ಕಾಲದಲ್ಲಿ ಹಡಗಿನ ಬಹುಭಾಗವನ್ನು ಬಿಚ್ಚಿ ದುರಸ್ತಿ ಮಾಡಲಾಗುತ್ತದೆ. ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ಹಡಗುಕಟ್ಟೆಯಲ್ಲಿ ಸುಮಾರು ನಾಲ್ಕು ವರ್ಷಗಳಲ್ಲಿ ಮುಗಿಯಬೇಕಿದ್ದ 'ಜಾರ್ಜ್ ವಾಷಿಂಗ್ಟನ್' ನೌಕೆಯ ಕೆಲಸ 2017ರ ಆಗಸ್ಟಿನಿಂದ 2023ರ ಮೇ ತಿಂಗಳವರೆಗೆ ಎಳೆಯಿತು. ಆ ವಿಳಂಬದ ಬೆಲೆ ಹಣದಲ್ಲಷ್ಟೇ ಅಳೆಯುವಂಥದ್ದಲ್ಲ: ಗದ್ದಲ, ದೂಳುಗಳ ನಡುವೆ ಹಡಗಿನಲ್ಲೇ ನೂರಾರು ನಾವಿಕರು ವಾಸಿಸುತ್ತಿದ್ದಾಗ, 2022ರ ಏಪ್ರಿಲಿನಲ್ಲಿ ಒಂದೇ ವಾರದೊಳಗೆ ಸಿಬ್ಬಂದಿಯ ಪೈಕಿ ಮೂವರು ಆತ್ಮಹತ್ಯೆ ಮಾಡಿಕೊಂಡರು. ನೌಕಾಪಡೆ ಉಳಿದವರಲ್ಲಿ ಹಲವರಿಗೆ ದಡದ ಮೇಲೆ ವಸತಿ ಕಲ್ಪಿಸಿದ್ದು ಆ ಬಳಿಕವೇ.